ಅತ್ತೆಯ ಸೀಸದ ಕಾಟಿ

ಕಳೆದ ವಾರ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬರು ಉಗುರಿನ ಬಣ್ಣ ಅಳಿಸುವ ದ್ರವದ ಬಾಟಲಿ ತೆರೆದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಹೊರಗೆ ಹೋದೆ. ವರಾಂಡದಲ್ಲಿ ಅತ್ತಿಂದಿತ್ತ ನಡೆದೆ, ನೀರು ಕುಡಿದೆ, ಮತ್ತೆ ನಡೆದೆ. ಯಾರೋ ಏನಾಯಿತೆಂದು ಕೇಳಿದರು. ತಲೆನೋವು ಎಂದೆ...

ಮೂಡಿಗೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೆಂಗಸೊಬ್ಬರನ್ನು ನಾನು ಅತ್ತೆ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದವರು. ಅವರ ತಂದೆ ಗೋಣಿಬೀಡಿನ ಕಡೆಯ ಎಸ್ಟೇಟೊಂದರಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುವ ಫಿಟ್ಟರ್ ಆಗಿದ್ದರು. ಬಿಳಿ ದೊರೆ ಎಸ್ಟೇಟ್ ಮಾರಿ ತನ್ನ ದೇಶಕ್ಕೆ ಹೊರಟಾಗ ಮಕ್ಕಳ ಆಟದ ಸೀಸದ ಪ್ರಾಣಿಗಳನ್ನು ಬಿಸ್ಕತ್ ಡಬ್ಬಿಯಲ್ಲಿ ತುಂಬಿ ಫಿಟ್ಟರನ ಪುಟ್ಟ ಮಗಳಿಗೆ ಕೊಟ್ಟನಂತೆ. ಆನೆ, ಸಿಂಹ, ಕುದುರೆ, ಹಾಲು ಕರೆಯುವ ಹೆಂಗಸು... ಅವುಗಳ ನಡುವೆ ಒಂದು ಕಾಟಿ. ನಮ್ಮ ತೋಟಗಳಿಗೆ ನುಗ್ಗುವ ಅದೇ ಕಾಡುಕೋಣ: ಕಪ್ಪು ಮೈ, ದಿಣ್ಣೆಯಂಥ ಬೆನ್ನು, ನಾಲ್ಕು ಕಾಲಿಗೂ ಬಿಳಿ ಕಾಲುಚೀಲ.

"ಇದೊಂದು ಅಪ್ಪಯ್ಯ ಮಾಡಿದ್ದು" ಎಂದು ಅತ್ತೆ ಎಲ್ಲರಿಗೂ ಹೇಳುತ್ತಿದ್ದರು. ತಂದೆಯ ಫೋಟೋ ಕೂಡ ಅವರಲ್ಲಿರಲಿಲ್ಲ. ನಾನು ದೊಡ್ಡಪ್ಪ ಎಂದು ಕರೆಯುತ್ತಿದ್ದ ಅವರ ಅಣ್ಣ ನಗುತ್ತಿದ್ದರು. "ನಟ್ಟು ಬಿಗಿಯೋದು ಬಿಟ್ಟು ಅಪ್ಪಯ್ಯ ಕಾಟಿ ಎರಕ ಹೊಯ್ತಾ ಕೂತಿದ್ರಾ? ನಾಳೆ ಆನೆನೂ ಅವರದ್ದೇ ಅಂತೀಯ ನೀನು."

ನಾನು ಮೈಸೂರಿನಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರ ಓದುತ್ತಿದ್ದಾಗ ದೊಡ್ಡಪ್ಪ ಆ ಡಬ್ಬಿಯನ್ನು ಮಾರಲು ಹೊರಟರು. ಹಳೆಯ ಆಟಿಕೆ ಸಂಗ್ರಹಿಸುವವರೊಬ್ಬರು ಬರುವವರಿದ್ದರು. ಅಣ್ಣನ ಮನೆಯಲ್ಲಿದ್ದುಕೊಂಡು ಬೇಡ ಎನ್ನಲು ಅತ್ತೆಗೆ ಬಾಯಿ ಬರಲಿಲ್ಲ. "ಫಾರಿನ್‌ದೆಲ್ಲ ಹೋಗ್ಲಿ. ಅಪ್ಪಯ್ಯ ಮಾಡಿದ್ದು ಅಂತ ತೋರ್ಸು, ಅದನ್ನ ಇಟ್ಕೋ" ಎಂದುಬಿಟ್ಟಿದ್ದರು ದೊಡ್ಡಪ್ಪ. ರಜೆಗೆ ಬಂದಿದ್ದ ನನ್ನ ಮುಂದೆ ಅತ್ತೆ ಡಬ್ಬಿ ತಂದಿಟ್ಟರು. "ಓದಿದೋಳು ನೀನು. ನೋಡಿ ಹೇಳು."

ಜಗಲಿಯಲ್ಲಿ ಕುಳಿತು ಒಂದೊಂದನ್ನೇ ತಿರುವಿ ನೋಡಿದೆ. ಹೆಚ್ಚಿನವುಗಳ ಹೊಟ್ಟೆಯ ಕೆಳಗೆ ತಯಾರಕರ ಹೆಸರು ಉಬ್ಬಕ್ಷರದಲ್ಲಿತ್ತು. ಎತ್ತಿದರೆ ಹಗುರ. ಕಾದ ಸೀಸವನ್ನು ಅಚ್ಚಿಗೆ ಹೊಯ್ದು, ಅಂಚು ಗಟ್ಟಿಯಾಗುತ್ತಲೇ ಉಳಿದದ್ದನ್ನು ಹೊರಗೆ ಸುರಿದುಬಿಡುವುದು ಇಂಗ್ಲೆಂಡಿನ ಕಾರ್ಖಾನೆಗಳ ಪದ್ಧತಿ. ಹಾಗಾಗಿ ಒಳಗೆಲ್ಲ ಟೊಳ್ಳು. ಒಬ್ಬ ಫಿಟ್ಟರ್ ತಾನೇ ಅಚ್ಚು ಮಾಡಿ ಹೊಯ್ದಿದ್ದರೆ ಗೊಂಬೆ ಗಟ್ಟಿಯಾಗಿ, ಭಾರವಾಗಿ ಇರುತ್ತಿತ್ತು.

ಕಾಟಿ ಹಗುರವಾಗಿತ್ತು. ಅದನ್ನು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ.

"ಎಂತಾತು? ಹೇಳೇ."

"ಒಳಗೆ ಟೊಳ್ಳು ಅತ್ತೆ. ಹೆಸರು ಇದೆಯಾ ಅಂತ ನೋಡ್ಬೇಕಾದ್ರೆ ಹೊಟ್ಟೆ ಬಣ್ಣ ತೆಗೀಬೇಕು."

"ತೆಗೆದ್ರೆ ಆ ಬಣ್ಣ ಮತ್ತೆ ಬರಲ್ಲ ಅಲ್ದಾ?"

"ಬರಲ್ಲ."

ಅವರು ಒಳಗೆ ಹೋದರು, ಬಂದರು, ಕುಳಿತರು, ಮತ್ತೆ ಎದ್ದರು. ಕೊನೆಗೆ ರಸ್ತೆಯ ಕಡೆ ಮುಖ ತಿರುಗಿಸಿ, "ತೆಗಿ" ಎಂದರು.

ಹತ್ತಿಯನ್ನು ಉಗುರಿನ ಬಣ್ಣ ಅಳಿಸುವ ದ್ರವದಲ್ಲಿ ಅದ್ದಿ ಉಜ್ಜಿದೆ. ಕಪ್ಪು ಬಣ್ಣ ಕರಗಿ ಬೆರಳಿಗೆ ಅಂಟಿತು. ಮೊದಲು ಒಂದು ಅಕ್ಷರ, ಆಮೇಲೆ ಇಡೀ ಹೆಸರು. ಅತ್ತೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಬಗ್ಗಿ ನೋಡಿ, "ಕುದುರೆ ಹೊಟ್ಟೇಲಿರೋದೇ ಇದು" ಎಂದರು.

ನನ್ನ ಕೈ ಸುಮ್ಮನಿರಲಿಲ್ಲ. ಗೊಂಬೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಬೆನ್ನಿನ ದಿಣ್ಣೆಯ ಬುಡದಲ್ಲಿ ಕೂದಲೆಳೆಯಂಥ ಗೆರೆ. ಅಲ್ಲಿ ಸ್ವಲ್ಪ ಬಣ್ಣ ತೆಗೆದಾಗ ಬೇರೆಯೇ ಹೊಳಪಿನ ಬೆಸುಗೆ ಕಂಡಿತು. ಅದು ಮೂಲತಃ ಹಾಲು ಕರೆಯುವ ಹೆಂಗಸಿನ ಜೊತೆ ಬಂದ ಸೀಮೆಹಸು. ಯಾರೋ ಅದಕ್ಕೆ ಬೆನ್ನು ಕೂಡಿಸಿ, ಕೊಂಬು ಬಗ್ಗಿಸಿ, ಬಿಳಿ ಕಾಲು ಬರೆದು ಕಾಟಿ ಮಾಡಿದ್ದರು.

"ಹಸು ಫಾರಿನ್‌ದು ಅತ್ತೆ. ಬೆನ್ನು ಇಲ್ಲಿಯವರು ಯಾರೋ ಕೂಡ್ಸಿದ್ದು."

"ಯಾರೋ ಅಂದ್ರೆ?"

"ಅಪ್ಪಯ್ಯ ಇರಬಹುದು. ಅದನ್ನ ಗೊಂಬೆ ನೋಡಿ ಹೇಳಕ್ಕಾಗಲ್ಲ."

ಸಂಗ್ರಹಕಾರರು ಬಂದಾಗ ಹೊಟ್ಟೆಯ ಹೆಸರನ್ನು ಮೊದಲು ನೋಡಿದವರು ದೊಡ್ಡಪ್ಪ. "ಫಾರಿನ್‌ದೇ ಅಲ್ಲವೇನೇ" ಎಂದು ಕಾಟಿಯನ್ನೂ ಉಳಿದವುಗಳ ಜೊತೆ ಸಾಲಿಗೆ ನಿಲ್ಲಿಸಿದರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಬಂದವರು ಭೂತಕನ್ನಡಿ ಹಿಡಿದು ಎಲ್ಲವನ್ನೂ ನೋಡುತ್ತ ಬಂದು, ಕಾಟಿಯ ಬೆನ್ನಿನ ಗೆರೆಯ ಮೇಲೆ ಉಗುರು ಎಳೆದರು.

"ಒಳ್ಳೇ ಪೀಸು, ಆದ್ರೆ ಯಾರೋ ಕೆಡ್ಸಿಬಿಟ್ಟಿದ್ದಾರೆ. ಇದು ನಂಗೆ ಬೇಡ."

ಅತ್ತೆ ಮುಂದೆ ಬಂದು ಅದನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡರು. "ಯಾರೋ ಅಲ್ಲ. ಕೆಡ್ಸಿದ್ದು ನಮ್ಮ ಅಪ್ಪಯ್ಯ" ಎಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ದೊಡ್ಡಪ್ಪ ಉಳಿದವುಗಳನ್ನು ಡಬ್ಬಿಗೆ ತುಂಬತೊಡಗಿದರು.

ಈಗ ವಸ್ತುಗಳ ತಯಾರಕರನ್ನು ಗುರುತಿಸಿ ದಾಖಲಿಸುವುದೇ ನನ್ನ ಉದ್ಯೋಗ. ಅತ್ತೆ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಆಗ ನನಗೆ ಊರಿಗೆ ಬರಲಾಗಲಿಲ್ಲ. ಈ ಭಾನುವಾರ ತಡೆಯಲಾರದೆ ಬಸ್ಸು ಹತ್ತಿದೆ. ದೊಡ್ಡಪ್ಪ ಕಾಫಿ ಕೊಡಿಸಿದರು, ಕೆಲಸದ ಬಗ್ಗೆ ಕೇಳಿದರು. ನಾನು ಕಾಟಿಯ ಬಗ್ಗೆ ಕೇಳಿದೆ.

"ಅವಳ ಕೈಲೇ ಇಟ್ಟು ಕಳಿಸ್ದೆ ಮಾರಾಯ್ತಿ. ನಾನೇ ಇಟ್ಟೆ." ಲೋಟ ಕೆಳಗಿಟ್ಟು, "ಮೂಳೆ ಆರಿಸೋವಾಗ ಬೂದಿಯೊಳಗೆ ಸೀಸದ ಉಂಡೆ ಸಿಕ್ತು. ಅದನ್ನೂ ಕಳಸಕ್ಕೆ ತಗೊಂಡು ಹೋಗಿ ಭದ್ರಾ ಹೊಳೆಗೆ ಬಿಟ್ಟೆ" ಎಂದರು.

ಎಷ್ಟು ದೊಡ್ಡದಿತ್ತು ಎಂದು ಕೇಳಿದೆ.

ಅವರು ಅಂಗೈಯನ್ನು ಬಟ್ಟಲಿನಂತೆ ಮಡಚಿ ತೋರಿಸಿದರು. "ಇಷ್ಟೇ. ನೆಲ್ಲಿಕಾಯಿಯಷ್ಟು. ಆದ್ರೆ ಎಂತಾ ಭಾರ ಅಂತೀಯ..." ಕೈಯನ್ನು ಅವರು ಬಹಳ ಹೊತ್ತು ಹಾಗೆಯೇ ಹಿಡಿದಿದ್ದರು.