ಹಿತ್ತಾಳೆ ಗ್ಲ್ಯಾಂಡ್ ಮತ್ತು ನನ್ನ ಒಂದು ‘ಆಯ್ತು’

ಮೊನ್ನೆ ನಮ್ಮ ದ್ವಾರಕಾ ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರ್ ಚಾರ್ಜರ್ ಕೂರಿಸಲು ಬಂದ ಎಲೆಕ್ಟ್ರಿಷಿಯನ್, ಕೇಬಲ್ಲಿನ ತುದಿಗೆ ಹಾಕುವ ಹಿತ್ತಾಳೆ ಗ್ಲ್ಯಾಂಡನ್ನು ನನ್ನ ಕೈಗಿಟ್ಟು ‘ಪಕಡಿಯೇ ಸಾಬ್’ ಎಂದ. ವಾಪಸು ಕೊಟ್ಟ ಮೇಲೂ ಅಂಗೈಯಿಂದ ಆ ವಾಸನೆ ಹೋಗಲಿಲ್ಲ. ಬೆವರು, ಹಿತ್ತಾಳೆ... ಮೂರನೇ ಮಹಡಿಯ ಮಾವ ನೆನಪಾದರು.

ಮಾವ ಎಂದರೆ ಸಂಬಂಧವೇನಿಲ್ಲ. ನಮ್ಮ ಕಡೆಯವರು, ಸರ್ಕಾರಿ ಎಲೆಕ್ಟ್ರಿಕಲ್ ಇಂಜಿನಿಯರಾಗಿ ನಿವೃತ್ತರಾದವರು. ಎಲ್ಲಿ ಬಲ್ಬು ಮಿಣುಕಿದರೂ ಟೆಸ್ಟರ್ ಹಿಡಿದು ಇಳಿದು ಬರುತ್ತಿದ್ದರು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿಗೆ ಇಲ್ಲಿನ ಎಲೆಕ್ಟ್ರಿಷಿಯನ್ನರು ‘ಅರ್ಥ್’ ಎನ್ನುವುದು ಅವರಿಗೆ ಭಾರಿ ಮೋಜು. ಅರ್ತಿಂಗ್ ಮುಗಿಯಿತೇ ಎಂದು ಕೇಳಬೇಕಾದಾಗಲೆಲ್ಲ ನನ್ನತ್ತ ಕಣ್ಣು ಮಿಟುಕಿಸಿ ‘ಅರ್ಥ ಆಯ್ತಾ?’ ಎನ್ನುತ್ತಿದ್ದರು. ಆ ತಮಾಷೆಯೇ ಅವರ ಜೀವಕ್ಕೆ ಮುಳುವಾಗುವುದರಲ್ಲಿತ್ತು.

ಎಷ್ಟೋ ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಸೊಸೈಟಿಯ ನೀರಿನ ಪಂಪಿಗೆ ಹೊಸ ಕೇಬಲ್ ಹಾಕಿಸುವ ಹೊಣೆ ನನ್ನದಾಗಿತ್ತು. ಮಾವ ಕೇಬಲ್ಲಿನ ತುದಿ ಸುಲಿದು, ಸುತ್ತಲೂ ಹೊದಿಸಿದ್ದ ಉಕ್ಕಿನ ತಂತಿಗಳನ್ನು ತೋರಿಸಿದರು. ‘ಪಂಪಿನ ಮೈಗೆ ಕರೆಂಟ್ ಸೋರಿದ್ರೆ ಈ ತಂತೀಲೇ ನೆಲಕ್ಕೆ ಇಳೀಬೇಕು ಕಣಯ್ಯ. ಪ್ಲಾಸ್ಟಿಕ್ ಗ್ಲ್ಯಾಂಡ್ ಬೇಡ. ಹಿತ್ತಾಳೆದಾದ್ರೆ ತಂತೀನ ಕಚ್ಚಿ ಹಿಡಿಯತ್ತೆ. ಅದೇ ತಾ.’

ಅಂಗಡಿಯಲ್ಲಿ ಆ ಅಳತೆಯ ಹಿತ್ತಾಳೆಯದು ಸಿಗಲಿಲ್ಲ. ನಲ್ಲಿಗಳೆಲ್ಲ ಒಣಗಿ ಸೊಸೈಟಿಯವರು ನನ್ನ ತಲೆ ತಿನ್ನುತ್ತಿದ್ದರು. ಪ್ಲಾಸ್ಟಿಕ್ಕಿನದನ್ನೇ ತಂದೆ. ‘ಚಲೇಗಾ,’ ಎಂದ ಅಂದಿನ ಎಲೆಕ್ಟ್ರಿಷಿಯನ್ ಭಯ್ಯಾ. ಅಷ್ಟರಲ್ಲಿ ಹೌಜ್ ಖಾಸ್‌ಗೆ ಹೋಗಿದ್ದ ಮಾವ ಮೆಟ್ರೋದಿಂದ ಫೋನ್ ಮಾಡಿದರು. ಗದ್ದಲದಲ್ಲಿ ಏನೇನೋ ಹೇಳಿ ಕೊನೆಗೆ ‘ಅರ್ಥ ಆಯ್ತಾ?’ ಎಂದರು. ಬುದ್ಧಿ ಹೇಳುತ್ತಿದ್ದಾರೆ ಎಂದುಕೊಂಡು ‘ಆಯ್ತು ಮಾವ’ ಎಂದುಬಿಟ್ಟೆ.

ಅವರು ಕೇಳಿದ್ದು ಅರ್ತಿಂಗಿನ ವಿಷಯ. ಪ್ಲಾಸ್ಟಿಕ್ ಗ್ಲ್ಯಾಂಡಿನಲ್ಲಿ ಅದು ಆಗಿರಲೇ ಇಲ್ಲ.

ಬಂದವರೇ ನೇರ ಪಂಪ್ ರೂಮಿಗೆ ಹೋದರು. ನಾನು ಬಾಗಿಲು ಮುಟ್ಟುವಷ್ಟರಲ್ಲಿ ಭಯ್ಯಾ ಸ್ವಿಚ್ ಹಾಕಿದ್ದ. ನೆಲವೆಲ್ಲ ಒದ್ದೆ. ನನ್ನ ಮಾತು ನಂಬಿ ಮಾವ ಟೆಸ್ಟರನ್ನು ಜೇಬಿನಿಂದ ತೆಗೆಯಲೇ ಇಲ್ಲ. ಪಂಪು ಬಿಸಿಯಾಗಿದೆಯೇ ಎಂದು ಕೈಯ ಹಿಂಬದಿಯನ್ನು ತಾಗಿಸಿದರು... ಕೈ ಎಗರಿತು. ಗೋಡೆಗೆ ಬಡಿದು ಕುಸಿದರು. ಸತ್ತೇ ಹೋದರು, ನಾನೇ ಕೊಂದೆ ಎಂದುಕೊಂಡೆ.

ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ‘ಅಂಗೈ ಇಟ್ಟಿದ್ರೆ ಕರೆಂಟ್ ಬಿಡ್ತಿರ್ಲಿಲ್ಲ ಕಣಯ್ಯ, ಹಿಡ್ಕೊಂಡ್ಬಿಡ್ತಿತ್ತು... ಆಯ್ತು ಅಂದ್ಯಲ್ಲ?’

ಬೈಯಲಿಲ್ಲ. ಮರುದಿನ ತಾವೇ ಘಾಜಿಯಾಬಾದಿಗೆ ಹೋಗಿ ಹಿತ್ತಾಳೆಯದನ್ನು ತಂದು ಹಾಕಿಸಿದರು. ಆಮೇಲೆ ಎಷ್ಟೋ ವರ್ಷ ನಮ್ಮ ನಡುವೆಯೇ ಇದ್ದರು. ಆದರೆ ಆ ತಮಾಷೆಯನ್ನು ಮತ್ತೆಂದೂ ಮಾಡಲಿಲ್ಲ. ‘ಅರ್ತಿಂಗ್ ಮುಗೀತಾ?’ ಎಂದೇ ಬಿಡಿಸಿ ಕೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ನೋವಾಗುತ್ತಿತ್ತು. ಹೋದ ಚಳಿಗಾಲ ಕಾಯಿಲೆ ಬಿದ್ದು ತೀರಿಕೊಂಡರು.

ಮೊನ್ನೆಯ ಎಲೆಕ್ಟ್ರಿಷಿಯನ್ ಗ್ಲ್ಯಾಂಡ್ ಬಿಗಿದು ಕೈ ಒರೆಸಿಕೊಂಡ. ‘ಅರ್ಥ್ ಹೋ ಗಯಾ ಸಾಬ್. ಚಾಲೂ ಕರ್ ದೂಂ?’ ಎಂದು ಸ್ವಿಚ್ಚಿನತ್ತ ಕೈ ಚಾಚಿದ.

ನಾನು ಹೂಂ ಎನ್ನಬೇಕಿತ್ತು. ಮೂರನೇ ಮಹಡಿಯ ಬಾಲ್ಕನಿಯತ್ತ ನೋಡಿದೆ. ಹೊಸಬರ ಬಟ್ಟೆಗಳು ಒಣಗುತ್ತಿದ್ದವು.

‘ಏಕ್ ಬಾರ್ ಔರ್ ಚೆಕ್ ಕರೋ ಭಯ್ಯಾ,’ ಎಂದೆ. ಅವನು ಅದಾಗಲೇ ಎರಡು ಸಲ ಚೆಕ್ ಮಾಡಿದ್ದ.