ಪಾರ್ವತಿಬಾಯಿಯ ಪಕ್ಕದ ಖಾಲಿ ಕುರ್ಚಿ

ಶಹಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ನಾಗಣ್ಣ ಕೈ ಬಿಗಿಯ ಮನುಷ್ಯ. ಅವನ ಕ್ಯಾಮೆರಾವೂ ಅವನಂಥದೇ. ಬೇರೆಯವರ ಕ್ಯಾಮೆರಾ ಒಂದು ಚಿತ್ರ ಹಿಡಿಯುವಷ್ಟು ರೀಲಿನಲ್ಲಿ ಅದು ಎರಡು ಹಿಡಿಯುತ್ತಿತ್ತು. ಗೋಗಿಯ ತೊಟ್ಟಿಲ ಕಾರ್ಯ, ಹತ್ತಿಕುಣಿಯ ಮದುವೆ ಎರಡೂ ಮುಗಿದರೂ ರೀಲು ಮುಗಿಯುತ್ತಿರಲಿಲ್ಲ.

ಈಗ ಅಂಗಡಿ ಮುಚ್ಚಿ, ಹಳೆಯ ರೀಲುಗಳನ್ನೆಲ್ಲ ಮನೆಯಲ್ಲೇ ಸ್ಕ್ಯಾನ್ ಮಾಡುತ್ತಿದ್ದಾನೆ. ಪಾಪ, ಸ್ಕ್ಯಾನರಿಗೆ ಇವನ ಉಳಿತಾಯದ ಬುದ್ಧಿ ಏನು ಗೊತ್ತು? ಅಕ್ಕಪಕ್ಕದ ಎರಡು ಚಿತ್ರಗಳನ್ನು ಒಂದೇ ಎಂದು ತಿಳಿದು ಕೊಡುತ್ತದೆ. ಒಮ್ಮೆ ಗೌಡರ ಮಗ್ಗುಲಲ್ಲಿ ಯಾರದೋ ಎಮ್ಮೆ ಬಂದು ನಿಂತಿತ್ತು. ನಡುವಿನ ಕಪ್ಪು ಗೆರೆಯ ಗುಂಟ ಕತ್ತರಿಸಿ ಇಬ್ಬರನ್ನೂ ಬೇರೆ ಮಾಡಿ ಗೌಡರ ಮಾನ ಉಳಿಸಿದ.

ಹೆಂಡತಿ ಪಾರ್ವತಿಬಾಯಿಗೆ ಬೇಕಿದ್ದದ್ದು ಒಂದೇ, ಇಬ್ಬರೂ ಇರುವ ಮದುವೆಯ ಫೋಟೋ. ಅದೇ ಇರಲಿಲ್ಲ. ತನ್ನ ಮದುವೆಯಲ್ಲೂ ನಾಗಣ್ಣ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಟ್ಟಿರಲಿಲ್ಲ. ಅಕ್ಕಿಕಾಳು ಬಿದ್ದ ಮರುಗಳಿಗೆಯೇ ಬಾಶಿಂಗ ಕಟ್ಟಿಕೊಂಡೇ ಎದ್ದುಹೋಗಿ ತಾನೇ ಫೋಟೋ ತೆಗೆದ. ಗೋಡೆಯ ಮೇಲೆ ಇವತ್ತಿಗೂ ಮದುಮಗಳೊಬ್ಬಳೇ, ಪಕ್ಕದಲ್ಲಿ ಖಾಲಿ ಕುರ್ಚಿ. ಬಂದವರು ಕೇಳಿದರೆ, "ಊರಿಗೆ ಉಪಕಾರಿ, ಮನಿಗಿ ಮಾರಿ" ಎಂದು ಆಕೆ ನಕ್ಕುಬಿಡುತ್ತಿದ್ದಳು. ಒಳಗೆ ಮಾತ್ರ ಆ ಕುರ್ಚಿ ಚುಚ್ಚುತ್ತಲೇ ಇತ್ತು.

ಮೊನ್ನೆ ಆ ಮದುವೆಯ ರೀಲಿನ ಸರದಿ ಬಂತು. ಚಹಾ ತಂದ ಪಾರ್ವತಿಬಾಯಿ ಕಂಪ್ಯೂಟರ್ ನೋಡಿ ನಿಂತುಬಿಟ್ಟಳು. ಗೆರೆಯ ಎಡಕ್ಕೆ ತಾನು, ಬಲಕ್ಕೆ ವಾರೆಯಾಗಿ ನಿಂತ ನಾಗಣ್ಣ, ಬಾಶಿಂಗದ ತುದಿಯೇ ಇಲ್ಲ. ಅಂದು ಸಿಟ್ಟಿಗೆ ಕ್ಯಾಮೆರಾ ಕಸಿದುಕೊಂಡು ಆಕೆಯೇ ತೆಗೆದ ಫೋಟೋ ಆ ಬಲಗಡೆಯದು.

"ಇದು ಬಂದೇ ಇಲ್ಲ ಅಂದಿದ್ರಲ್ರಿ?"

"ಚೊಲೋ ಬಂದಿಲ್ಲ ಅಂದಿದ್ದೆ. ಬಾಶಿಂಗನ ಕಡದಿ ನೀ."

"ಇಷ್ಟು ವರ್ಷ ಖಾಲಿ ಕುರ್ಚಿ ಜೋಡಿ ಸಂಸಾರ ಮಾಡೀನಿ. ನಿಮಗ ಬಾಶಿಂಗದ್ದ ಚಿಂತಿ."

ನಾಗಣ್ಣ ರೂಢಿಯಂತೆ ಕತ್ತರಿಸಲು ಮೌಸ್ ಹಿಡಿದವನು ಹಾಗೇ ತಡೆದ. ಎಡಗಡೆಯವಳು ಮುನಿಸಿನಿಂದ ನೋಡುತ್ತಿದ್ದದ್ದು ಕ್ಯಾಮೆರಾದ ಹಿಂದಿದ್ದ ತನ್ನನ್ನು. ಬಲಗಡೆಯವನು ಕಣ್ಣು ಬಿಟ್ಟು ನೋಡುತ್ತಿದ್ದದ್ದು ಅವಳನ್ನು.

"ನೋಡು, ನಾ ನಿನ್ನ ನೋಡಾಕತ್ತೀನಿ" ಎಂದ ಮೆಲ್ಲಗೆ.

"ಕ್ಯಾಮೆರಾ ಎಲ್ಲಿ ಬೀಳ್ತೈತೋ ಅಂತ ನೋಡಾಕತ್ತೀರಿ, ನನಗೇನು ಗೊತ್ತಿಲ್ಲೇನು?" ಎಂದಳು ಪಾರ್ವತಿಬಾಯಿ. ಆದರೆ ಆಕೆಯ ಕಣ್ಣು ತುಂಬಿತ್ತು. "ಇದೊಂದು ಕಡೀಬ್ಯಾಡ್ರಿ."

ನಾಗಣ್ಣ ಕಡಿಯಲಿಲ್ಲ. ಗೋಡೆಯ ಮೇಲೆ ಈಗ ಅದೇ ಫೋಟೋ ಇದೆ. ನಡುವಿನ ಕಪ್ಪು ಗೆರೆ ಏನೆಂದು ಯಾರಾದರೂ ಕೇಳಿದರೆ ಪಾರ್ವತಿಬಾಯಿ ಗಂಡನತ್ತ ಗದ್ದ ತೋರಿಸುತ್ತಾಳೆ.

"ಇವರ ಜಿಪುಣತನ ರಿ ಅದು. ಅದರಿಂದನ ನಾವಿಬ್ರೂ ಒಂದ ಕಡಿ ಆದ್ವಿ."