ಕತ್ತರಿಯಕ್ಕ ಮತ್ತು ಬಚ್ಚಲಿನ ತಿಮಿಂಗಿಲ

ಕತ್ತರಿಯಕ್ಕನ ಬಾಯಿಗೆ ಸಿಗುವುದಕ್ಕಿಂತ ಅವಳ ಕತ್ತರಿಗೆ ಸಿಗುವುದೇ ವಾಸಿ ಎಂದು ಅವಳ ಕೈಕೆಳಗೆ ಹೊಲಿಯುವ ಹೆಂಗಸರು ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಆರು ಮೆಷಿನ್ನು, ಒಂದು ಇಸ್ತ್ರಿ ಮೇಜು, ಬಟ್ಟೆ ಕತ್ತರಿಸುವ ಒಂದು ಉದ್ದನೆಯ ಹಲಗೆ ಇದ್ದ ಹೊಲಿಗೆ ಕೋಣೆಗೆ ಅವಳೇ ಯಜಮಾನಿ. ಸೊಂಟ ಸಣ್ಣಗೆ ಕಾಣುವ ಹಾಗೆ ಹೊಲಿದುಕೊಡಿ ಎಂದು ಬಂದವಳಿಗೆ, "ಬಟ್ಟೆ ನಾನು ಸಣ್ಣ ಮಾಡ್ತೀನಿ ಕಣಮ್ಮ, ಸೊಂಟ ನೀನೇ ನೋಡ್ಕೋಬೇಕು" ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದವಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಅವಳಿಗೂ ಗೊತ್ತಿತ್ತು. ಆದರೆ ಅವಳ ಎದೆಗೆ ಒದೆಯುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ.

ಇಂಥ ನಾಲಿಗೆ ಒಬ್ಬನ ಮುಂದೆ ಮಾತ್ರ ಮೊಂಡಾಗುತ್ತಿತ್ತು. ಅವನು ಅವಳ ತಮ್ಮ. ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನವನು, ಸಾಕಿದ್ದೆಲ್ಲ ಅಕ್ಕನೇ. ಅವನು ಬರೆದ ಕುದುರೆ ಮಂಚದ ಹಾಗೆ ಕಂಡರೂ "ಓಡ್ತಾ ಇರೋ ಹಾಗೇ ಇದೆ ಮರಿ" ಎನ್ನುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವಳು ಹೆತ್ತವಳಲ್ಲ, ಆದರೆ ಮುದ್ದಿನಲ್ಲಿ ಒಂದು ಗುಲಗಂಜಿಯೂ ಕಡಿಮೆ ಇರಲಿಲ್ಲ.

ಆ ತಮ್ಮ ಈಗ ದೊಡ್ಡವನಾಗಿ, ಮದುವೆಯಾಗಿ, ತುಸು ಹೊಟ್ಟೆಯನ್ನೂ ಬೆಳೆಸಿಕೊಂಡು, ಕಿವುಡರಿಗೆ ಶ್ರವಣಯಂತ್ರ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನವೆಲ್ಲ ಮುದುಕರ ಕಿವಿಗೆ ಪೀಂ ಪೀಂ ಶಬ್ದ ಬಿಟ್ಟು "ಕೇಳಿಸ್ತಾ?" ಎಂದು ಕೇಳುವುದೇ ಅವನ ಕೆಲಸ. ಸಂಜೆ ಮನೆಗೆ ಬಂದವನು ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಯಂತೆ. ಒಂದು ಹಳೆಯ ಕೀಬೋರ್ಡು, ಒಂದು ಗಿಟಾರು, ಒಂದು ಮೈಕು ಇಟ್ಟುಕೊಂಡು ವರ್ಷಗಟ್ಟಲೆ ಅಲ್ಲಿ ಹಾಡು ಕಟ್ಟಿದ. ಆ ವರ್ಷಗಳಲ್ಲಿ ಅವನ ಹೆಂಡತಿ ಸ್ನಾನಕ್ಕೆ ಹೋಗಬೇಕಾದರೂ ಅವನ ಅಪ್ಪಣೆ ಪಡೆಯಬೇಕಾಗಿತ್ತು.

ಕೊನೆಗೊಂದು ದಿನ ಆಲ್ಬಂ ಹೊರಬಂತು. ಹೆಸರು 'ಬಚ್ಚಲಲ್ಲೊಂದು ತಿಮಿಂಗಿಲ'. ಒಟ್ಟು ಹನ್ನೊಂದು ಹಾಡು. ಒಂದರಲ್ಲಿ ಛತ್ರಿಗಳು ಸಭೆ ಸೇರಿ ಮಳೆಯ ಮೇಲೆ ದೂರು ಕೊಡುತ್ತವೆ. ಇನ್ನೊಂದರಲ್ಲಿ ಗೋಡೆ ಗಡಿಯಾರ ಕೆಲಸ ಬಿಟ್ಟು ಈಜು ಕಲಿಯಲು ಹೋಗುತ್ತದೆ. ಗಿಟಾರಿನ ದನಿ ನೀರಿನೊಳಗಿಂದ ಬಂದಂತೆ, ತಮ್ಮನ ದನಿ ಪಕ್ಕದ ಮನೆಯ ಕನಸಿನಿಂದ ಬಂದಂತೆ. ಗೆಳೆಯರೆಲ್ಲ ಫೋನಿನಲ್ಲಿ ಹೃದಯದ ಚಿತ್ರ ಕಳಿಸಿದರು, ಒಬ್ಬನೂ ಒಂದು ಮಾತು ಬರೆಯಲಿಲ್ಲ. ಗುರುತಿಲ್ಲದವನೊಬ್ಬ ಇಂಟರ್ನೆಟ್ಟಿನಲ್ಲಿ, "ಫ್ರಿಜ್ಜಿಗೆ ಜ್ವರ ಬಂದು ಬಡಬಡಿಸಿದ ಹಾಗಿದೆ" ಎಂದು ಬರೆದ. ಅದು ಹೊಗಳಿಕೆಯೋ ತೆಗಳಿಕೆಯೋ ಗೊತ್ತಾಗದೆ ತಮ್ಮ ಅನ್ನ ನೀರು ಬಿಟ್ಟು ಯೋಚಿಸಿದ.

ಒಂದು ಭಾನುವಾರ ಅಕ್ಕನ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತ.

"ಅಕ್ಕ, ಒಂದು ಕೆಲಸ ಮಾಡಿಕೊಡು. ಇದನ್ನ ನಿಮ್ಮ ಹೊಲಿಗೆ ಕೋಣೇಲಿ ಹಾಕು. ಹೆಂಗೂ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲಿ ಹಾಡು ಹಾಕಿರ್ತೀರಲ್ಲ. ಜನ ಏನಂತಾರೆ ನೋಡಿ ಹೇಳು."

"ಯಾಕೆ, ಫ್ರೆಂಡ್ಸು ಹೇಳಲಿಲ್ವಾ?"

"ಅವರು ಸುಳ್ಳು ಹೇಳ್ತಾರೆ. ನೀನು ಹೇಳಲ್ಲ. ಒಬ್ಬರಿಗಾದ್ರೂ ನಿಜವಾಗಿ ಹಿಡಿಸಿದ್ರೆ ಸರಿ. ಇಲ್ಲ ಅಂದ್ರೆ ಗಿಟಾರು, ಕೀಬೋರ್ಡು ಎಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಬಚ್ಚಲಲ್ಲಿ ಇನ್ನು ಸ್ನಾನ ಮಾತ್ರ."

ತಮಾಷೆಯ ಮಾತೇ. ಆದರೆ ಹೇಳುವಾಗ ಅವನು ಅಂಗಿಯ ಗುಂಡಿಯೊಂದನ್ನು ಬಿಚ್ಚುತ್ತ ಹಾಕುತ್ತ ಇದ್ದದ್ದನ್ನು ಅಕ್ಕ ನೋಡಿದಳು. ಅವಳಿಗೆ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಯಾಕೆಂದರೆ ಆ ಹಾಡುಗಳನ್ನು ಅವಳಾಗಲೇ ಕದ್ದು ಕೇಳಿದ್ದಳು. ಅವಳಿಗೆ ಅವುಗಳ ತಲೆಯೂ ಸಿಕ್ಕಿರಲಿಲ್ಲ, ಬುಡವೂ ಸಿಕ್ಕಿರಲಿಲ್ಲ.

ಮಾರನೆಯ ದಿನ ಕೋಣೆಯಲ್ಲಿ ಸಭಾಭವನವೊಂದರ ಕಿಟಕಿಗಳ ಪರದೆ ಕೆಲಸ ನಡೆಯುತ್ತಿತ್ತು. ನೆಲದವರೆಗೆ ಇಳಿಬೀಳುವ ದಪ್ಪ ನೀಲಿ ಪರದೆಗಳು. ಅಂಚಿನುದ್ದಕ್ಕೂ ನೇರ ಹೊಲಿಗೆ, ಮೇಲ್ಗಡೆ ಕಂಬಿ ತೂರಿಸಲು ಒಂದು ಮಡಿಕೆ. ಕಣ್ಣು ಮುಚ್ಚಿಕೊಂಡು ಮಾಡುವಂಥ ಕೆಲಸ. ಅಕ್ಕ ಹಾಡು ಹಾಕಿ, "ನನ್ನ ತಮ್ಮಂದು. ಕೇಳಿ, ಹೆಂಗಿದೆ ಹೇಳಿ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಹಾಗೆ ನಿಂತು ಕೇಳಿದರೆ ಕಲ್ಲೂ ಹೊಗಳುತ್ತದೆ. ಮೊದಲ ಹಾಡು ಮುಗಿಯುವ ಮೊದಲೇ ಆರು ಮೆಷಿನ್ನುಗಳಿಂದಲೂ "ಚೆನ್ನಾಗಿದೆ ಅಕ್ಕ" ಎಂದು ಒಂದೇ ರಾಗದಲ್ಲಿ ಬಂತು. ಅಕ್ಕ ಅಂಗಡಿಗೆ ಬಂದವರಿಂದ ಇಂಥ ಮಾತು ಎಷ್ಟೋ ಕೇಳಿದ್ದಳು. ತೋಳು ಬಿಗಿಯಾಗಿದ್ದರೂ ಚೆನ್ನಾಗಿದೆ ಎಂದು ಹೇಳಿ ಹೋಗಿ, ಪಕ್ಕದ ಬೀದಿಯ ದರ್ಜಿಯ ಹತ್ತಿರ ಬಿಚ್ಚಿಸಿಕೊಳ್ಳುವವರ ಮಾತು ಅದು.

ಹಾಡು ಮುಂದುವರಿಯಿತು. ಒಂದು ಹಾಡಿನಲ್ಲಿ ಬಾಗಿಲ ಗಂಟೆಯ ಶಬ್ದವಿತ್ತು. ಅದು ಹೊಡೆದಾಗಲೆಲ್ಲ ಇಸ್ತ್ರಿ ಮಾಮ ಪೆಟ್ಟಿಗೆ ಪಕ್ಕಕ್ಕಿಟ್ಟು ಹೋಗಿ ಬಾಗಿಲು ತೆಗೆದ. ನಾಲ್ಕನೆಯ ಸಲ ಬಾಗಿಲು ತೆಗೆದೇ ಬಿಟ್ಟು ಬಂದು, "ಬರೋನು ಯಾವಾಗ ಬೇಕಾದ್ರೂ ಬರಲಿ" ಎಂದ. ಇನ್ನೊಂದು ಹಾಡಿನಲ್ಲಿ ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು. ಹಾಡು ಮುಗಿಯುವ ಹೊತ್ತಿಗೆ ಮೂವರು ಹೆಂಗಸರು ಶೌಚಾಲಯದ ಮುಂದೆ ಸಾಲು ನಿಂತಿದ್ದರು. ಗುಂಡಿಯ ಕಾಜಾ ಹಾಕುವ ಅಜ್ಜಿಗೆ ಅರ್ಧ ಕಿವಿ, ಅವಳು ಒಂದಷ್ಟು ಹೊತ್ತು ತಲೆಯಾಡಿಸಿ, "ಹುಡುಗನ ಹೊಟ್ಟೆ ತುಂಬಿದೆ ಕಣೇ. ಹಸಿದೋನು ಛತ್ರಿ ಮೇಲೆ ಹಾಡು ಕಟ್ಟಲ್ಲ" ಎಂದಳು. ಕಾಲರ್ ಹೊಲಿಯುವವಳು ಮಾತ್ರ ಅಕ್ಕ ದಾರ ತರಲು ಒಳಗೆ ಹೋದಾಗ ಪಕ್ಕದವಳಿಗೆ ಪಿಸುಗುಟ್ಟಿದಳು: "ಸೀರಿಯಲ್ ಶುರು ಆಗೋ ಮುಂಚೆ ಬರುತ್ತಲ್ಲ, ಆ ಮ್ಯೂಸಿಕ್ ಥರ ಇದೆ. ಸೀರಿಯಲ್ ಮಾತ್ರ ಬರ್ತಾನೇ ಇಲ್ಲ."

ಒಳಗಿದ್ದ ಅಕ್ಕನಿಗೆ ಅದು ಕೇಳಿಸಿತು. ಬೇರೆಯವರ ಬಗ್ಗೆ ಆಗಿದ್ದರೆ ಅವಳೇ ನಗುತ್ತಿದ್ದಳು. ಇದು ತಮ್ಮನ ವಿಷಯ. ದಾರದ ಉಂಡೆ ಹಿಡಿದು, ಮುಖ ಸರಿಮಾಡಿಕೊಂಡು ಹೊರಗೆ ಬಂದಳು.

ದಿನಕ್ಕೆ ಎರಡೇ ಹಾಡು ಮತ್ತೆ ಮತ್ತೆ ಹಾಕುತ್ತ, ವಾರವೆಲ್ಲ ತಿಮಿಂಗಿಲ ಆ ಕೋಣೆಯಲ್ಲಿ ಈಜಿತು. ಶನಿವಾರ ಪರದೆಗಳನ್ನು ಮಡಿಸಿ ಕಟ್ಟುವ ಮೊದಲು ಅಕ್ಕ ಒಂದೊಂದನ್ನೇ ಹಲಗೆಯ ಮೇಲೆ ಹಾಸಿ ನೋಡಿದಳು. ನೋಡಿದವಳೇ ಹಣೆ ಚಚ್ಚಿಕೊಂಡಳು. ಹೊಲಿಗೆಯವರ ಕಾಲು ಮೆಷಿನ್ನಿನ ಪೆಡಲಿನ ಮೇಲಿದ್ದರೂ ಮಾತು ಕೇಳುವುದು ಹಾಡಿನದೇ. ಹಾಡು ಓಡಿದರೆ ಕಾಲು ಓಡುತ್ತದೆ. ತಮ್ಮನ ಮೂರನೆಯ ಹಾಡು ಓಡಿ, ನಿಂತು, ಎಡವಿ, ಮತ್ತೆ ಓಡುವಂಥದ್ದು. ಆ ಹೊತ್ತಿಗೆ ಹೊಲಿದ ಅಂಚುಗಳೆಲ್ಲ ಹಾವು ಹರಿದಂತೆ ಇದ್ದವು. ಒಂದು ಹಾಡು ನಡುವೆಯೇ ಗಕ್ಕನೆ ನಿಲ್ಲುತ್ತಿತ್ತು. ಅಲ್ಲೆಲ್ಲ ದಾರ ಕಡಿದು ಗಂಟು ಬಿದ್ದಿತ್ತು. ಗಡಿಯಾರದ ಹಾಡಿನ ಹೊತ್ತಿನ ಹೊಲಿಗೆ ಮಾತ್ರ ಗೆರೆ ಎಳೆದಷ್ಟು ನೇರ. ಅಂದರೆ ಅದನ್ನು ಯಾರೂ ಕೇಳಿಯೇ ಇರಲಿಲ್ಲ.

ಬಾಯಿ ಚೆನ್ನಾಗಿದೆ ಎಂದಿತ್ತು, ಬಟ್ಟೆ ಬೇರೆಯೇ ಹೇಳುತ್ತಿತ್ತು. ಅಕ್ಕ ನಿಟ್ಟುಸಿರು ಬಿಟ್ಟು ಇನ್ನೊಂದು ಪರದೆ ಎತ್ತಿ, ಕಂಬಿ ಹೋಗುತ್ತದೆಯೋ ನೋಡಲು ಮೇಲಿನ ಮಡಿಕೆಗೆ ಕೈ ತೂರಿಸಿದಳು. ಕೈ ಹೋಗಲಿಲ್ಲ. ಮಡಿಕೆಯ ಬಾಯಿ ಹೊಲಿದು ಮುಚ್ಚಿತ್ತು. ಇನ್ನೊಂದು ಎತ್ತಿದಳು, ಅದರದೂ ಮುಚ್ಚಿತ್ತು. ಆರೂ ಹೆಂಗಸರು, ಬೇರೆ ಬೇರೆ ಮೆಷಿನ್ನಿನಲ್ಲಿ, ಮಡಿಕೆ ಮುಗಿದ ಮೇಲೂ ಕಾಲು ಎತ್ತದೆ, ಬಟ್ಟೆ ತಿರುಗಿಸಿಕೊಂಡು, ಬಾಯಿಯನ್ನೇ ಹೊಲಿದುಬಿಟ್ಟಿದ್ದರು. ನಿನ್ನೆ ಮೊನ್ನೆ ಕೆಲಸ ಕಲಿತವಳೂ ಮಾಡದ ತಪ್ಪು.

"ಇದು ಯಾವಾಗ ಹೊಲಿದಿದ್ದು?" ಎಂದು ಗುಡುಗಿದಳು.

ಕಾಲರಿನವಳೇ ಧೈರ್ಯ ಮಾಡಿದಳು. "ನಿನ್ನೆ ಮಧ್ಯಾಹ್ನ ಅಕ್ಕ. ಆ ಒಂಬತ್ತನೇ ಹಾಡು, ಮನೆಗೆ ಯಾರೋ ಬರ್ತಾರೆ ಅಂತ ದೀಪ ಆರಿಸದೆ ಕೂತಿರ್ತಾಳಲ್ಲ ಒಬ್ಬಳು ಮೀನು... ಅದು ಮುಗಿದ ಮೇಲೆ ನೋಡ್ಕೊಂಡೆ, ಕಾಲು ಇನ್ನೂ ತುಳೀತಾನೇ ಇತ್ತು. ನಾನೊಬ್ಬಳೇ ಅಂದ್ಕೊಂಡಿದ್ದೆ."

"ನಾನೂ ನಾನೊಬ್ಬಳೇ ಅಂದ್ಕೊಂಡೆ" ಎಂದಳು ಇನ್ನೊಬ್ಬಳು. ಇಸ್ತ್ರಿ ಮಾಮ ಒಂದು ಪರದೆ ತಂದು ಮುಂದಿಟ್ಟ. ಮಧ್ಯದಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದ ಕಂದು ಗುರುತು.

ಬೈಯಬೇಕೆಂದು ತೆರೆದ ಬಾಯಿಯನ್ನು ಅಕ್ಕ ಹಾಗೇ ಮುಚ್ಚಿದಳು. ಹಿಂದಿನ ಮಧ್ಯಾಹ್ನ ಅವಳೇ ಒಂದು ಪರದೆಯ ಬಟ್ಟೆಯನ್ನು ಒಂದು ಮೊಳ ಗಿಡ್ಡ ಕತ್ತರಿಸಿ, ಯಾರಿಗೂ ಕಾಣದಂತೆ ಹಲಗೆಯ ಕೆಳಗೆ ತುರುಕಿದ್ದಳು. ಮದುವೆಯ ವಯಸ್ಸಿನಿಂದ ಕತ್ತರಿ ಹಿಡಿದವಳು, ಅಳತೆ ತಪ್ಪಿದ್ದು ಅದೇ ಮೊದಲು. ಕಣ್ಣು ಮಂಜಾಗುವ ವಯಸ್ಸು ಬಂತು ಎಂದು ಸಮಾಧಾನ ಮಾಡಿಕೊಂಡಿದ್ದಳು. ಕಣ್ಣು ಮಂಜಾಗಿದ್ದು ನಿಜ, ವಯಸ್ಸಿನ ತಪ್ಪು ಅದರಲ್ಲಿರಲಿಲ್ಲ.

ಭಾನುವಾರ ತಮ್ಮ ಬರುತ್ತಾನೆಂದು ಪರದೆಗಳನ್ನೆಲ್ಲ ಬಿಚ್ಚಲು, ಹಲಗೆಯ ಕೆಳಗಿನ ಆ ತುಂಡನ್ನೂ ಸೇರಿಸಿ, ಮನೆಗೇ ಹೊರಿಸಿಕೊಂಡು ಬಂದಿದ್ದಳು. ಅವನು ಬಂದ. ಚಪ್ಪಲಿ ಬಿಡುವ ಮೊದಲೇ, "ಏನಂದ್ರು?" ಎಂದ. ಅವನ ಮುಖ ನೋಡಿದ್ದೇ ತಡ, ಅಕ್ಕನಿಗೆ ಅದೇ ಹಳೆಯ ಕಾಯಿಲೆ ಮರುಕಳಿಸಿತು.

"ಎಲ್ಲರಿಗೂ ಎಲ್ಲಾನೂ ಹಿಡಿಸ್ತು ಮರಿ. ತುಂಬಾ ಚೆನ್ನಾಗಿದೆ ಅಂದ್ರು."

ತಮ್ಮನ ಮುಖ ಇಳಿದುಹೋಯಿತು. "ಎಲ್ಲಾನೂ?"

"ಹ್ಞೂಂ. ಎಲ್ಲಾನೂ."

"ನೀನೂ ಶುರು ಮಾಡಿದ್ಯಾ ಅಕ್ಕ. ನೀನೊಂದು ಹೃದಯದ ಚಿತ್ರ ಕಳಿಸೋದು ಬಾಕಿ." ಅವನು ಮತ್ತೆ ಚಪ್ಪಲಿಗೆ ಕಾಲು ಹಾಕಿದ. "ಬಿಡು. ಗಿಟಾರು ಯಾರಿಗೆ ಕೊಡಬೇಕು ಅಂತ ನೋಡಿಟ್ಟಿದೀನಿ. ನಾಳೆ ಬಂದು ತಗೊಂಡು ಹೋಗ್ತಾರೆ."

ಅಕ್ಕನಿಗೆ ರೇಗಿಹೋಯಿತು, ಅವನ ಮೇಲಲ್ಲ, ತನ್ನ ಮೇಲೆ. ಅವನ ತೋಳು ಹಿಡಿದು ಒಳಗೆಳೆದು ಪರದೆಗಳ ರಾಶಿಯ ಮುಂದೆ ಕುಕ್ಕರಿಸಿದಳು.

"ಕೇಳು ಹಂಗಾದ್ರೆ. ನಿನ್ನ ಮೂರನೇ ಹಾಡು ಕೇಳಿ ನಮ್ಮೋರಿಗೆ ನೆಟ್ಟಗೆ ಹೊಲಿಯೋದೇ ಮರೆತುಹೋಯ್ತು, ನೋಡಿಲ್ಲಿ. ನಲ್ಲಿ ಹಾಡಿಗೆ ಅರ್ಧ ಕೋಣೆ ಶೌಚಾಲಯಕ್ಕೆ ಓಡ್ತು. ಗಂಟೆ ಹಾಡಿಗೆ ಮಾಮನಿಗೆ ಮಂಡಿ ನೋವು ಬಂತು. ಗಡಿಯಾರದ್ದು ಯಾರೂ ಕೇಳಲೇ ಇಲ್ಲ. ನನಗೂ ಹತ್ತು ಹಾಡು ಹಿಡಿಸ್ಲಿಲ್ಲ. ಒಂದಕ್ಷರ ಅರ್ಥ ಆಗ್ಲಿಲ್ಲ!"

ತಮ್ಮ ಬಿಳಿಚಿಕೊಂಡು ಕೂತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನ ಕುದುರೆಯನ್ನು ಯಾರೋ ಮಂಚ ಎಂದಿದ್ದರು.

"ಹತ್ತು ಅಂದೆ" ಎಂದ, ಸಣ್ಣಗೆ.

ಅಕ್ಕ ಅವನ ಕೈ ಹಿಡಿದು ಮಡಿಕೆಯ ಬಾಯಿಗೆ ತೂರಿಸಿದಳು. ಹೋಗಲಿಲ್ಲ. ಇನ್ನೊಂದಕ್ಕೆ, ಮತ್ತೊಂದಕ್ಕೆ. "ಒಂಬತ್ತನೇದು. ಆರು ಜನ ಕಾಲು ಎತ್ತೋದು ಮರೆತರು. ಮಾಮ ಬಟ್ಟೆ ಸುಟ್ಟ. ನಾನು..." ಎಂದು ನಿಲ್ಲಿಸಿ, ಎದ್ದು ಹೋಗಿ, ಆ ಗಿಡ್ಡ ತುಂಡನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು. "ನಾನು ಕತ್ತರಿಸಿದ್ದು."

ಅಕ್ಕನ ಕತ್ತರಿಯನ್ನು ಹುಟ್ಟಿದಂದಿನಿಂದ ಬಲ್ಲವನು ಅವನು. ಆ ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅದರಲ್ಲೇ ಮೂಗು ಒರೆಸಿಕೊಂಡ.

"ಏಯ್, ಒಳ್ಳೇ ಬಟ್ಟೆ ಕಣೋ ಅದು!" ಎಂದು ಕಿತ್ತುಕೊಂಡು, ಅಕ್ಕ ಅವನ ಕೈಗೆ ಹೊಲಿಗೆ ಬಿಚ್ಚುವ ಕೊಕ್ಕೆ ಕೊಟ್ಟಳು. "ಕೂತ್ಕೊಂಡು ಬಿಚ್ಚು. ನಿನ್ನ ಮೀನು ಮಾಡಿರೋ ಕೆಲಸ ಇದು. ಮುಂದಿನ ಸಲ ಮಾಡುವಾಗ ಇಂಥವು ಎರಡಕ್ಕಿಂತ ಜಾಸ್ತಿ ಹಾಕಬೇಡ, ನನ್ನ ಕೋಣೆ ಮುಚ್ಚಿಹೋಗುತ್ತೆ."

ತಮ್ಮ ಮೊದಲ ಹೊಲಿಗೆಗೆ ಕೊಕ್ಕೆ ತೂರಿಸಿದವನು ಹಾಗೇ ತಲೆಯೆತ್ತಿದ. "ಮುಂದಿನ ಸಲ ಅಂದ್ಯಾ?"

ಅಕ್ಕನಿಗೆ ಕಣ್ಣು ಒರೆಸಿಕೊಳ್ಳಲು ಕೈಯಲ್ಲಿದ್ದದ್ದು ಆ ಒದ್ದೆ ತುಂಡೊಂದೇ ಆಗಿತ್ತು. ತಮ್ಮ ಫೋನು ತೆಗೆದು ಹೆಂಡತಿಗೆ, "ನಾಳೆ ಯಾರಾದ್ರೂ ಗಿಟಾರು ಕೇಳ್ಕೊಂಡು ಬಂದ್ರೆ ನಾನು ಊರಲ್ಲಿಲ್ಲ ಅಂತ ಹೇಳು" ಎಂದ. ಆ ಕಡೆಯಿಂದ, ಅಯ್ಯೋ, ಹಂಗಾದ್ರೆ ನನ್ನ ಸ್ನಾನ, ಎಂದು ಕೂಗಿದ್ದು ಅಕ್ಕನಿಗೂ ಕೇಳಿಸಿತು.